ಧೋಂಡಿಯ ವಾಘ

ಶಿಕಾರಿಪುರ, ಚನ್ನಗಿರಿಗಳ ಜನರು ಶಿವಮೊಗ್ಗದ ಗಾಂಧಿ ಬಜಾರಿಗೆ ವ್ಯಾಪಾರಕ್ಕೆಂದು ಬರುವುದುಂಟು. ಅವರು ಹಾದುಬರುವ ಈ ಸೀಮೆಯಲ್ಲಿಯೇ ಎರಡು ಶತಮಾನಗಳ ಹಿಂದೆ ಒಬ್ಬ ಸಾಮಾನ್ಯ ಸವಾರನು ಅರಸನೆಂದು ಸಾರಿಕೊಂಡು, ಒಂದೂವರೆ ವರ್ಷ ತುಂಬುವ ಮೊದಲೇ ಅಳಿದುಹೋದನು.

ಆತನೇ ಧೋಂಡಿಯ ವಾಘ. ಚನ್ನಗಿರಿಯ ಮರಾಠಾ ಮನೆತನದಲ್ಲಿ ಹುಟ್ಟಿದ ಆತನು ಹೈದರಾಲಿಯ ಅಶ್ವದಳವನ್ನು ಸೇರಿದನು. ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ ಟಿಪ್ಪುವಿನ ಸೈನ್ಯವನ್ನು ತೊರೆದು, ಧಾರವಾಡದ ಸೀಮೆಯಲ್ಲಿ ಸ್ವಂತ ದಂಡು ಕಟ್ಟಿ ಸುಲಿಗೆಗೆ ಇಳಿದನು. 1794ರಲ್ಲಿ ಟಿಪ್ಪುವಿನ ಆಶ್ರಯಕ್ಕೆ ಮರಳಿದನಾದರೂ ಕೊನೆಗೆ ಅವನಿಗೆ ದೊರೆತದ್ದು ಸೆರೆಮನೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದಾಗ ಅವನ ಸಂಕೋಲೆ ಕಳಚಿತು.

ಅಂದು ಟಿಪ್ಪುವಿನ ಸೈನ್ಯವು ಚದುರಿಹೋಗಿತ್ತು. ಕುದುರೆಯೇರಿ ಕತ್ತಿ ಬೀಸುವುದಲ್ಲದೆ ಬೇರೆ ಕಸುಬನ್ನರಿಯದ ಸಹಸ್ರಾರು ಯೋಧರು ಅನ್ನಕ್ಕೆ ದಾರಿಗಾಣದೆ ಅಲೆಯುತ್ತಿದ್ದರು. ಅವರಿಗೊಬ್ಬ ನಾಯಕ ಬೇಕಾಗಿದ್ದನು. ಧೋಂಡಿಯನಿಗೆ ಸೈನ್ಯ ಬೇಕಾಗಿದ್ದಿತು. ಬಿದನೂರು, ಶಿಕಾರಿಪುರಗಳ ಸೀಮೆ ಬಹುಬೇಗ ಅವನ ಕೈಸೇರಿತು. ಆತನು ‘ಉಭಯ ಲೋಕಾಧೀಶ್ವರ’ನೆಂಬ ಬಿರುದನ್ನೂ ಧರಿಸಿದನು. ಬಿರುದನ್ನು ಕೇಳಿ ನಗುವವರು ನಗಲಿ, ಇಂಗ್ಲಿಷರಂತೂ ನಗಲಿಲ್ಲ.

1799ರ ಆಗಸ್ಟಿನಲ್ಲಿ ಅವರ ಪಡೆಗಳು ಶಿಕಾರಿಪುರವನ್ನು ಹಿಡಿದವು. ಧೋಂಡಿಯನು ಮರಾಠರ ರಾಜ್ಯಕ್ಕೆ ನುಸುಳಿದನು. ಗಡಿ ದಾಟಕೂಡದೆಂಬ ಆಜ್ಞೆಯಿದ್ದುದರಿಂದ ಬೆನ್ನಟ್ಟಿದವರು ನಿಂತರು. ಒಂದು ಗಡಿರೇಖೆ ಅವನ ಪ್ರಾಣವನ್ನು ಉಳಿಸಿತು. ಅತ್ತ ಮರಾಠಾ ಸರದಾರ ಧೊಂಡೋಪಂತ ಗೋಖಲೆ ಅವನ ಪಾಳೆಯದ ಮೇಲೆ ಬಿದ್ದು ಆನೆ, ತೋಪುಗಳನ್ನು ಕಸಿದುಕೊಂಡನು. ಆದರೂ ಮರುವರ್ಷದ ವೇಳೆಗೆ ದಂಡು ಮತ್ತೆ ಬೆಳೆಯಿತು. 1800ರ ಜೂನ್ ಕೊನೆಯಲ್ಲಿ ಕಿತ್ತೂರಿನ ಬಳಿ ಧೋಂಡಿಯನು ಹಠಾತ್ತನೆ ಎರಗಿ ಗೋಖಲೆಯನ್ನು ಕೊಂದು ಸೇಡು ತೀರಿಸಿಕೊಂಡನು.

ಅಷ್ಟರಲ್ಲಿ ಮರಾಠಾ ಸೀಮೆಯಲ್ಲಿ ಬೆನ್ನಟ್ಟಲು ಇಂಗ್ಲಿಷರಿಗೆ ಅನುಮತಿ ದೊರೆತಿದ್ದಿತು. ಕರ್ನಲ್ ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆಯನ್ನು ದಾಟಿ ಕುಂದಗೋಳ, ಡಂಬಳದ ಕೋಟೆಗಳನ್ನು ಹಿಡಿದನು. ಮಲಪ್ರಭೆಯ ದಂಡೆಯಲ್ಲಿ ಶತ್ರುವಿನ ಪಾಳೆಯವನ್ನೇ ನೀರಿಗೆ ನೂಕಿದನು. ಧೋಂಡಿಯನ ಬಲವೆಲ್ಲ ಕುದುರೆಯ ವೇಗದಲ್ಲಿತ್ತು; ನೆಲೆಯೂರಲು ಅವನದೆಂಬ ನೆಲವಿರಲಿಲ್ಲ. ಅವನನ್ನು ಸ್ವಾತಂತ್ರ್ಯವೀರನೆಂದು ಕೊಂಡಾಡುವವರಿದ್ದಾರೆ. ಪರರಾಜ್ಯಕ್ಕೆ ತಲೆಬಾಗಲಿಲ್ಲವೆಂಬುದು ದಿಟ. ಆದರೆ ದಂಡು ಹಾದುಹೋದ ಹಳ್ಳಿಗಳಲ್ಲಿ ಬೆಳೆದು ನಿಂತ ಜೋಳ ಯಾರ ಕುದುರೆಗಳಿಗೆ ಮೇವಾಯಿತೆಂಬುದನ್ನೂ ಕೇಳಬೇಕಾಗುತ್ತದೆ.

1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಕೊನೆಯ ಕಾಳಗ ನಡೆಯಿತು. ಸುಮಾರು ಐದು ಸಾವಿರ ಸವಾರರ ಮೇಲೆ ವೆಲ್ಲೆಸ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿದನು. ಧೋಂಡಿಯನು ಮಡಿದನು. ಶವವನ್ನು ಗುರುತಿಸಿ, ತೋಪಿನ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಸಾಮಾನು ಸರಂಜಾಮಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನನು ಸಿಕ್ಕಿದನು. ವೆಲ್ಲೆಸ್ಲಿ ಆ ಬಾಲಕನನ್ನು ತನ್ನ ಡೇರೆಗೆ ಕರೆದೊಯ್ದು ಸಾಕಿದನು. ಭಾರತವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನಿಟ್ಟುಹೋದನು. ಸಲಾಬತ್ ಖಾನನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದನು.