ಮೂರನೆಯ ಕಣ್ಣೂ ಮನೆಯ ಹೊಸಿಲೂ

ಮಣಲಿ ಚೆನ್ನೈ ಮಹಾನಗರದ ಉತ್ತರದಂಚಿನ ಕೈಗಾರಿಕಾ ಪ್ರದೇಶ. ಎಣ್ಣೆ ಶುದ್ಧೀಕರಣ ಕಾರ್ಖಾನೆ, ರಸಗೊಬ್ಬರದ ಕಾರ್ಖಾನೆ, ಪೆಟ್ರೋರಾಸಾಯನಿಕ ಘಟಕಗಳು, ಎಣ್ಣೂರು ಬಂದರಿನತ್ತ ಸಾಲುಗಟ್ಟಿ ಸಾಗುವ ಲಾರಿಗಳು – ಇವು ಅದರ ನಿತ್ಯದ ಚಿತ್ರ. 2011ರಲ್ಲಿ ಮಹಾನಗರ ಪಾಲಿಕೆಯ ಮೇರೆಯೊಳಗೆ ಸೇರಿದ ಈ ಊರಿನಲ್ಲಿ ಹಲವು ಭಾಷೆಗಳ, ಹಲವು ರಾಜ್ಯಗಳ ದುಡಿಮೆಗಾರರು ನೆಲೆಸಿದ್ದಾರೆ. ಒಂದು ಕಿಡಿ ಸಿಡಿದರೆ ಊರಿಗೇ ಅಪಾಯ ಒದಗಬಹುದಾದ ಇಂತಹ ಸ್ಥಳದಲ್ಲಿ ಕಾವಲು ಬೇಡವೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಕಾವಲು ಯಾರನ್ನು, ಎಷ್ಟು, ಯಾವ ಕಾನೂನಿನ ಬಲದಿಂದ, ಎಷ್ಟು ಕಾಲ ನೋಡಬೇಕು? ನೋಡಿದ್ದನ್ನು ಯಾರಿಗೆ ಹೇಳಬೇಕು? ಈ ಪ್ರಶ್ನೆಗಳು ಮಣಲಿಗಾಗಲಿ ಚೆನ್ನೈಗಾಗಲಿ ಮೀಸಲಾದವಲ್ಲ. ಸ್ವತಂತ್ರ ಭಾರತದ ನ್ಯಾಯಾಲಯಗಳು ಏಳು ದಶಕಗಳಿಂದ ಇವನ್ನು ಚರ್ಚಿಸುತ್ತ ಬಂದಿವೆ. ಆ ಚರ್ಚೆಯನ್ನು ಒಂದು ನೆಲೆಗೆ ಮುಟ್ಟಿಸಿದ ಮೊಕದ್ದಮೆಯನ್ನು ಹೂಡಿದವರು ಕನ್ನಡಿಗರೊಬ್ಬರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ನಗರದ ಮೂರನೆಯ ಕಣ್ಣು

ಚೆನ್ನೈ ನಗರದ ಪೊಲೀಸರು 2017ರಿಂದೀಚೆಗೆ ‘ಮೂನ್ರಾವದು ಕಣ್’, ಎಂದರೆ ‘ಮೂರನೆಯ ಕಣ್ಣು’ ಎಂಬ ಯೋಜನೆಯನ್ನು ಕೈಗೊಂಡರು. ಮುಖ್ಯ ರಸ್ತೆಗಳಲ್ಲಿ ಪ್ರತಿ 50 ಮೀಟರಿಗೊಂದು ಕ್ಯಾಮೆರಾ ಇರಬೇಕೆಂಬುದು ಅದರ ಗುರಿ. ವರ್ತಕರೂ ನಿವಾಸಿಗಳ ಸಂಘಗಳೂ ಹಣ ನೀಡಿ ಕ್ಯಾಮೆರಾಗಳನ್ನು ಕೂಡಿಸಿದರು. ಸರಗಳ್ಳತನ, ಅಪಘಾತ ಮಾಡಿ ಪರಾರಿಯಾಗುವುದು ಮುಂತಾದ ಪ್ರಕರಣಗಳ ಶೋಧಕ್ಕೆ ಇವು ನೆರವಾದವೆಂದು ಪೊಲೀಸರು ಹೇಳಿದರು, ಅದರಲ್ಲಿ ಸತ್ಯಾಂಶವಿದೆ.

ಆದರೆ ಕ್ಯಾಮೆರಾ ನೋಡುವುದು ಒಂದು, ಗುರುತು ಹಿಡಿಯುವುದು ಮತ್ತೊಂದು. 2021ರ ಅಕ್ಟೋಬರಿನಲ್ಲಿ ತಮಿಳುನಾಡು ಪೊಲೀಸ್ ಇಲಾಖೆಯಲ್ಲಿ ಮುಖಗುರುತು ತಂತ್ರಾಂಶ ಬಳಕೆಗೆ ಬಂದಿತು. ಗಸ್ತಿನಲ್ಲಿರುವ ಪೇದೆಯು ದಾರಿಹೋಕನೊಬ್ಬನನ್ನು ನಿಲ್ಲಿಸಿ ತನ್ನ ಮೊಬೈಲಿನಿಂದ ಅವನ ಭಾವಚಿತ್ರ ತೆಗೆದರೆ, ಕಣ್ಣುಗಳ ಅಂತರ, ಮೂಗಿನ ನೀಳ, ದವಡೆಯ ರೇಖೆ ಮುಂತಾದ ಅಳತೆಗಳು ಅಂಕಿಗಳಾಗಿ ಮಾರ್ಪಟ್ಟು, ಪೊಲೀಸ್ ಕಡತದಲ್ಲಿರುವ ಲಕ್ಷಾಂತರ ಮುಖಗಳ ಅಂಕಿಗಳೊಡನೆ ಕ್ಷಣಮಾತ್ರದಲ್ಲಿ ಹೋಲಿಕೆಯಾಗುತ್ತವೆ. ಇಲ್ಲಿ ನೆನಪಿಡಬೇಕಾದ ಅಂಶವೊಂದುಂಟು: ಯಂತ್ರವು ‘ಇವನೇ ಅವನು’ ಎಂದು ಹೇಳುವುದಿಲ್ಲ, ‘ಇವನು ಅವನನ್ನು ಇಷ್ಟು ಹೋಲುತ್ತಾನೆ’ ಎಂದಷ್ಟೇ ಹೇಳುತ್ತದೆ. ಎಷ್ಟು ಹೋಲಿಕೆಯಿದ್ದರೆ ಅನುಮಾನಕ್ಕೆ ಸಾಕೆಂಬುದನ್ನು ನಿರ್ಧರಿಸುವವನು ಮನುಷ್ಯನೇ.

ಈ ತೀರ್ಮಾನ ತಪ್ಪಿದರೆ ಗತಿಯೇನು? 2018ರಲ್ಲಿ ದೆಹಲಿ ಪೊಲೀಸರು ಕಾಣೆಯಾದ ಮಕ್ಕಳ ಶೋಧಕ್ಕೆ ಬಳಸಿದ ಇಂತಹ ತಂತ್ರಾಂಶದ ನಿಖರತೆ ಶೇಕಡ 2 ಮಾತ್ರವೆಂದು ದೆಹಲಿ ಹೈಕೋರ್ಟಿಗೆ ತಿಳಿಸಲಾಯಿತು. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು ಯಂತ್ರದ ತಪ್ಪು ಹೋಲಿಕೆಯನ್ನು ನಂಬಿ, ನಿರಪರಾಧಿಯಾದ ಕರಿಯ ಜನಾಂಗದ ಗೃಹಸ್ಥನೊಬ್ಬನನ್ನು ಅವನ ಮನೆಯ ಮುಂದೆಯೇ ಹೆಂಡತಿ ಮಕ್ಕಳೆದುರು ಬಂಧಿಸಿದರು. ಅದೇ ವರ್ಷ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯವು ಸೌತ್ ವೇಲ್ಸ್ ಪೊಲೀಸರ ಮುಖಗುರುತು ಪ್ರಯೋಗವನ್ನು ಕಾನೂನುಬಾಹಿರವೆಂದು ಘೋಷಿಸಿತು. ಯಾರನ್ನು, ಎಲ್ಲಿ ನೋಡಬೇಕೆಂಬುದು ಪೊಲೀಸರ ಇಚ್ಛೆಗೇ ಬಿಟ್ಟುಹೋಗಿತ್ತೆಂಬುದು ಮುಖ್ಯ ಕಾರಣಗಳಲ್ಲೊಂದು.

ಖರಕ್ ಸಿಂಗನ ಬಾಗಿಲು

ಯಂತ್ರಗಳು ಬರುವ ಮುನ್ನವೂ ಕಣ್ಗಾವಲು ಇತ್ತು. ಉತ್ತರ ಪ್ರದೇಶದ ಖರಕ್ ಸಿಂಗನೆಂಬುವನ ಮೇಲಿನ ಡಕಾಯಿತಿ ಆರೋಪಕ್ಕೆ ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಪೊಲೀಸರು ಅವನ ಹೆಸರಿನಲ್ಲಿ ‘ಹಿಸ್ಟರಿ ಷೀಟು’ ತೆರೆದರು. ನಡುರಾತ್ರಿಯಲ್ಲಿ ಬಾಗಿಲು ಬಡಿಯುವುದು, ಮನೆಯ ಸುತ್ತ ಗುಪ್ತವಾಗಿ ಕಾಯುವುದು, ಅವನು ಊರು ಬಿಟ್ಟು ಹೊರಟರೆ ಅದನ್ನು ಬರೆದಿಡುವುದು ನಿತ್ಯದ ಪಾಡಾಯಿತು. 1962ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆರು ನ್ಯಾಯಾಧೀಶರ ಪೀಠವು ರಾತ್ರಿಯ ಗೃಹಭೇಟಿಗಳನ್ನು ರದ್ದುಪಡಿಸಿತಾದರೂ, ಖಾಸಗಿತನವು ಸಂವಿಧಾನವಿತ್ತ ಹಕ್ಕಲ್ಲವೆಂದು ಬಹುಮತದಿಂದ ಹೇಳಿತು.

ಅಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ಕೆ. ಸುಬ್ಬರಾವ್. ಇವರು ಅದಕ್ಕೂ ಮೊದಲು ಮದರಾಸು ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಸದಾ ತನ್ನನ್ನು ಯಾರೋ ನೋಡುತ್ತಿದ್ದಾರೆಂಬ ಅರಿವು ಮನುಷ್ಯನ ಮನಸ್ಸಿಗೇ ಸಂಕೋಲೆ ತೊಡಿಸುತ್ತದೆ, ಆದ್ದರಿಂದ ಕಣ್ಗಾವಲಿನ ಇಡೀ ನಿಯಮವೇ ಸ್ವಾತಂತ್ರ್ಯಕ್ಕೆ ವಿರುದ್ಧವಾದುದು ಎಂಬುದು ಅವರ ನಿಲುವಿನ ತಿರುಳು. ಮೈಯ ಆರೋಗ್ಯದಂತೆ ಮನಸ್ಸಿನ ನೆಮ್ಮದಿಯೂ ಬದುಕಿನ ಅಂಗವೆಂಬುದನ್ನು ಕಾನೂನಿನ ಭಾಷೆಯಲ್ಲಿ ಅವರು ಅಂದೇ ಹೇಳಿದ್ದರು. ಅದು ಬಹುಮತದ ಮಾತಾಗಲು 55 ವರ್ಷಗಳು ಬೇಕಾದವು.

ಗೋಡೆಗೂ ಕಿವಿ

ದೂರವಾಣಿ ಕದ್ದಾಲಿಕೆಯ ಕಥೆಯಲ್ಲಿ ಕರ್ನಾಟಕಕ್ಕೊಂದು ಅಧ್ಯಾಯವುಂಟು. 1988ರ ಆಗಸ್ಟ್ ತಿಂಗಳಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಅಧಿಕಾರ ತ್ಯಜಿಸಿದ್ದು ದೂರವಾಣಿ ಕದ್ದಾಲಿಕೆಯ ಪ್ರಕರಣದ ಹಿನ್ನೆಲೆಯಲ್ಲಿಯೇ. 1996ರ ಡಿಸೆಂಬರಿನಲ್ಲಿ ಪಿ.ಯು.ಸಿ.ಎಲ್. ಸಂಸ್ಥೆ ತಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೆಲವು ಕಟ್ಟುಪಾಡುಗಳನ್ನು ವಿಧಿಸಿತು: ಗೃಹ ಕಾರ್ಯದರ್ಶಿಯ ಮಟ್ಟದ ಆದೇಶ ಬೇಕು, ಆದೇಶಕ್ಕೆ ಎರಡು ತಿಂಗಳ ಅವಧಿ, ವಿಸ್ತರಿಸಿದರೂ ಒಟ್ಟು ಆರು ತಿಂಗಳು ಮೀರಕೂಡದು, ಪ್ರತಿ ಆದೇಶವೂ ಪರಿಶೀಲನಾ ಸಮಿತಿಯ ಮುಂದೆ ಬರಬೇಕು.

ಈ ನಿಯಮಗಳು ಕಾಗದಕ್ಕೆ ಮಾತ್ರ ಸೀಮಿತವಲ್ಲವೆಂಬುದನ್ನು ಮದರಾಸು ಹೈಕೋರ್ಟು 2025ರ ಜುಲೈ ತಿಂಗಳಲ್ಲಿ ತೋರಿಸಿತು. ಕಂಪನಿಯೊಂದರ ನಿರ್ದೇಶಕರ ದೂರವಾಣಿಯನ್ನು ಆಲಿಸಲು ಕೇಂದ್ರ ಗೃಹ ಇಲಾಖೆ 2011ರಲ್ಲಿ ಹೊರಡಿಸಿದ್ದ ಆದೇಶವನ್ನು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ರದ್ದುಪಡಿಸಿದರು. ಸಾರ್ವಜನಿಕ ತುರ್ತು ಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆ ಎಂಬ ಎರಡು ಕಾರಣಗಳಿಗೆ ಮಾತ್ರ ಕಾನೂನು ಅವಕಾಶ ನೀಡಿದೆ; ಸಾಮಾನ್ಯ ಅಪರಾಧದ ಶೋಧಕ್ಕೆ ಅದನ್ನು ಹಿಗ್ಗಿಸಲಾಗದು ಎಂಬುದು ತೀರ್ಪಿನ ಸಾರ.

ಬ್ಯಾಂಕಿನ ಕಡತವೂ ಮನೆಯೇ

ವೈದ್ಯನ ಮುಂದೆ ರೋಗಿಯು ಬಾಯಿ ಬಿಡುವುದು ಆ ಮಾತು ಹೊರಹೋಗದೆಂಬ ನಂಬುಗೆಯಿಂದ. ಬ್ಯಾಂಕಿನೊಡನೆ ಗ್ರಾಹಕನ ಸಂಬಂಧವೂ ಅಂತಹದೇ. 1924ರ ಟೂರ್ನಿಯರ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಇದಕ್ಕೊಂದು ಸೂತ್ರ ಹಾಕಿಕೊಟ್ಟಿತು. ಕಾನೂನಿನ ಬಲವಂತ, ಸಾರ್ವಜನಿಕ ಕರ್ತವ್ಯ, ಬ್ಯಾಂಕಿನ ಸ್ವಂತ ಹಿತರಕ್ಷಣೆ, ಗ್ರಾಹಕನ ಸಮ್ಮತಿ – ಈ ನಾಲ್ಕರಲ್ಲೊಂದು ಇದ್ದರೆ ಮಾತ್ರ ಖಾತೆಯ ವಿವರವನ್ನು ಹೊರಗೆ ಹೇಳಬಹುದು.

ಇದೇ ಪ್ರಶ್ನೆ ಭಾರತದಲ್ಲಿ ಎದ್ದಾಗ ಅದರ ಕೇಂದ್ರದಲ್ಲಿದ್ದುದು 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕು. ಮುದ್ರಾಂಕ ಶುಲ್ಕದ ಸೋರಿಕೆಯನ್ನು ತಡೆಯುವ ನೆಪದಲ್ಲಿ, ಜಿಲ್ಲಾಧಿಕಾರಿಯಿಂದ ಅಧಿಕಾರ ಪಡೆದ ಯಾರೇ ಆದರೂ ದಾಖಲೆಗಳಿರುವ ಸ್ಥಳವನ್ನು ಹೊಕ್ಕು ಕಾಗದಪತ್ರಗಳನ್ನು ವಶಪಡಿಸಿಕೊಳ್ಳಬಹುದೆಂದು ಆಂಧ್ರ ಪ್ರದೇಶವು ಕಾನೂನಿಗೆ ತಿದ್ದುಪಡಿ ಮಾಡಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಖಾಸಗಿತನವು ವ್ಯಕ್ತಿಗೆ ಸೇರಿದುದೇ ಹೊರತು ಸ್ಥಳಕ್ಕಲ್ಲ; ಗ್ರಾಹಕನು ತನ್ನ ಕಾಗದಗಳನ್ನು ಬ್ಯಾಂಕಿಗೆ ಒಪ್ಪಿಸಿದ ಮಾತ್ರಕ್ಕೆ ಅವುಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಾಗದು ಎಂದಿತು. ನಮ್ಮ ಮುಖ, ದನಿ, ಓಡಾಟದ ದಾಖಲೆಗಳು ಇಂದು ಅನ್ಯರ ಯಂತ್ರಗಳಲ್ಲಿಯೇ ಉಳಿಯುತ್ತಿರುವುದರಿಂದ ಈ ತತ್ತ್ವದ ಬೆಲೆ ಇಮ್ಮಡಿಯಾಗಿದೆ.

ಕನ್ನಡಿಗ ನ್ಯಾಯಮೂರ್ತಿಯ ಮೊಕದ್ದಮೆ

ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಜನಿಸಿದ್ದು 1926ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜಿನಲ್ಲಿಯೂ ಓದಿ, 1952ರಲ್ಲಿ ವಕೀಲಿ ಆರಂಭಿಸಿ, 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾದರು. ನಿವೃತ್ತರಾಗಿ ಕಾಲು ಶತಮಾನ ಕಳೆದ ಮೇಲೆ, 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸಂಸತ್ತಿನ ಕಾನೂನಿಲ್ಲದೆ ಜನರ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಸಂಗ್ರಹಿಸುವುದು ಸರಿಯೇ ಎಂಬುದು ಅವರ ಪ್ರಶ್ನೆ.

ಖರಕ್ ಸಿಂಗನ ತೀರ್ಪನ್ನೂ ಅದಕ್ಕೂ ಹಿಂದಿನ 1954ರ ಎಂಟು ನ್ಯಾಯಾಧೀಶರ ತೀರ್ಪನ್ನೂ ಮುಂದಿಟ್ಟು, ಖಾಸಗಿತನದ ಹಕ್ಕೆಂಬುದು ಸಂವಿಧಾನದಲ್ಲಿಯೇ ಇಲ್ಲವೆಂದು ಸರ್ಕಾರ ವಾದಿಸಿತು. ಅದನ್ನು ತೀರ್ಮಾನಿಸಲು ಒಂಬತ್ತು ನ್ಯಾಯಾಧೀಶರ ಪೀಠವೇ ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. ಆ ಪೀಠದಲ್ಲಿ ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ತುರ್ತು ಪರಿಸ್ಥಿತಿಯಲ್ಲಿ ಜೀವಿಸುವ ಹಕ್ಕಿಗೂ ನ್ಯಾಯಾಲಯದ ರಕ್ಷಣೆಯಿಲ್ಲವೆಂದಿದ್ದ 1976ರ ತೀರ್ಪನ್ನೂ ಅಂದೇ ತಳ್ಳಿಹಾಕಲಾಯಿತು. ಅದನ್ನು ನೀಡಿದ್ದ ಪೀಠದಲ್ಲಿ ವೈ.ವಿ. ಚಂದ್ರಚೂಡರು ಇದ್ದರು, ತಳ್ಳಿಹಾಕಿ ಬರೆದವರು ಅವರ ಪುತ್ರ ಡಿ.ವೈ. ಚಂದ್ರಚೂಡರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಹಕ್ಕು ನಿರಂಕುಶವಲ್ಲ. ಸರ್ಕಾರವು ಅದಕ್ಕೆ ಕೈಯಿಕ್ಕಬೇಕಾದರೆ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು: ಅದಕ್ಕೊಂದು ಕಾನೂನಿರಬೇಕು, ನ್ಯಾಯಸಮ್ಮತವಾದ ಉದ್ದೇಶವಿರಬೇಕು, ಬಳಸುವ ಉಪಾಯ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

ತೀರ್ಪಿಗೂ ಬೀದಿಗೂ ನಡುವೆ

ಮುಖಗುರುತು ಯಂತ್ರಕ್ಕೆಂದೇ ನಮ್ಮ ಸಂಸತ್ತು ಪ್ರತ್ಯೇಕ ಶಾಸನವನ್ನು ಮಾಡಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾನೂನು ಬಂದಿದೆಯಾದರೂ, ಅಪರಾಧಗಳ ತಡೆ ಮತ್ತು ತನಿಖೆಗೆ ಅದರಲ್ಲಿ ವಿಶಾಲವಾದ ವಿನಾಯಿತಿಯುಂಟು. ಕೇಂದ್ರ ಸರ್ಕಾರ ಸೂಚಿಸುವ ಸರ್ಕಾರಿ ಸಂಸ್ಥೆಗಳನ್ನು ಇಡಿಯಾಗಿಯೇ ಅದರಿಂದ ಹೊರಗಿಡಬಹುದು. 2022ರ ಜನವರಿಯಲ್ಲಿ ತೆಲಂಗಾಣ ಹೈಕೋರ್ಟು, ಹೈದರಾಬಾದಿನ ಪೊಲೀಸರ ಮುಖಗುರುತು ಬಳಕೆಯನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಸರ್ಕಾರಕ್ಕೆ ನೋಟೀಸು ನೀಡಿತು.

ಸಂಗ್ರಹಿಸಿದ್ದನ್ನು ಕಾಯುವ ಹೊಣೆಯೂ ಸಣ್ಣದಲ್ಲ. 2024ರ ಮೇ ತಿಂಗಳಲ್ಲಿ ತಮಿಳುನಾಡು ಪೊಲೀಸರ ಮುಖಗುರುತು ಜಾಲತಾಣದ ಖಾತೆಯೊಂದು ಅನ್ಯರ ಕೈವಶವಾದುದನ್ನು ಇಲಾಖೆಯೇ ಒಪ್ಪಿಕೊಂಡಿತು. ಕದ್ದ ಬೀಗದಕೈಗೆ ಬದಲಾಗಿ ಹೊಸ ಬೀಗ ಹಾಕಿಸಬಹುದು. ಕಳುವಾದ ಮುಖಕ್ಕೆ ಬದಲು ಮುಖ ದೊರೆಯುವುದಿಲ್ಲ.

ಕಣ್ಣು ಯಾವ ದಿಕ್ಕಿಗೆ ತೆರೆದಿರುತ್ತದೆ ಎಂಬುದೂ ವಿಚಾರಣೀಯ. 2020ರ ಜೂನ್ ತಿಂಗಳಲ್ಲಿ ಇದೇ ರಾಜ್ಯದ ಸಾತಾನ್‌ಕುಳಂ ಠಾಣೆಯಲ್ಲಿ ಬಂಧಿತರಾದ ತಂದೆ ಮಗ ಇಬ್ಬರೂ ಅಸುನೀಗಿದರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು, ಠಾಣೆಯ ಕ್ಯಾಮೆರಾದಲ್ಲಿ ಬೇಕಾದಷ್ಟು ಸ್ಥಳವಿದ್ದರೂ ದೃಶ್ಯಗಳು ದಿನದಿನವೂ ತಾವಾಗಿಯೇ ಅಳಿದುಹೋಗುವಂತೆ ಅಳವಡಿಸಿದ್ದುದನ್ನು ಹೈಕೋರ್ಟಿಗೆ ವರದಿ ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಠಾಣೆಗಳಲ್ಲಿಯೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳ ಕಾಲ, ಅದು ಸಾಧ್ಯವಾಗದಿದ್ದಲ್ಲಿ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಆಜ್ಞಾಪಿಸಿತು. ಬೀದಿಯಲ್ಲಿ ಪ್ರಜೆಯನ್ನು ಎಚ್ಚರದಿಂದ ನೋಡುವ ಕಣ್ಣು ಠಾಣೆಯೊಳಗೆ ಮುಚ್ಚಿಕೊಂಡರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಹೊರನಾಡಿಗರಿಗೆ ಪೊಲೀಸರ ಆಸರೆ ಬೇಕಾದ ದಿನಗಳೂ ಉಂಟು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ವಿವಾದ ಭುಗಿಲೆದ್ದಾಗ ಚೆನ್ನೈಯಲ್ಲಿ ಉಡುಪಿ ಮೂಲದ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬಿನ ದಾಳಿ ನಡೆಯಿತು. ಬೆಂಗಳೂರಿನಲ್ಲಿ ತಮಿಳುನಾಡಿನ ವಾಹನಗಳು ಉರಿದವು. ಅಂತಹ ಹೊತ್ತಿನಲ್ಲಿ ಕಾವಲಿನ ಕಣ್ಣು ಅಭಯಹಸ್ತವೇ ಸರಿ. ಆದರೆ ಯಾವ ಮನೆಯಲ್ಲಿ ಯಾವ ಭಾಷೆಯವರಿದ್ದಾರೆಂಬ ಪಟ್ಟಿ ಕಾಯುವವರ ಕೈಯಲ್ಲಿದ್ದರೆ ರಕ್ಷೆ, ಕೆಡುಕರ ಕೈಗೆ ಸಿಕ್ಕರೆ ಶಿಕ್ಷೆ. ನೆಲದ ಭಾಷೆ ಬಾರದವನನ್ನು ರಾತ್ರಿಪಾಳಿ ಮುಗಿಸಿ ಬರುವಾಗ ನಿಲ್ಲಿಸಿದರೆ, ಯಂತ್ರದ ತಪ್ಪನ್ನು ಅವನು ಯಾವ ಮಾತಿನಲ್ಲಿ ತಿದ್ದಿಯಾನು?

ತಿಳಿದಿರಬೇಕಾದ ಕೆಲವು ಸಂಗತಿಗಳು

1. ಪೊಲೀಸರು ಬಂಧಿತರ ಬೆರಳಚ್ಚು, ಭಾವಚಿತ್ರ, ಕಣ್ಣಿನ ಗುರುತು ಮುಂತಾದವನ್ನು ಪಡೆಯುವುದು 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾನೂನಿನ ಮೇರೆಗೆ. ಈ ದಾಖಲೆಗಳು 75 ವರ್ಷ ಉಳಿಯುತ್ತವೆ. ಆದರೆ ಹಿಂದೆ ಶಿಕ್ಷೆಯಾಗದ ವ್ಯಕ್ತಿಯು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ನಿರ್ದೋಷಿಯೆಂದು ತೀರ್ಮಾನವಾದರೆ, ನ್ಯಾಯಾಲಯ ಬೇರೆ ರೀತಿ ಆದೇಶಿಸದಿದ್ದಲ್ಲಿ ಅವನ್ನು ನಾಶಪಡಿಸಬೇಕು. ಅದನ್ನು ಕೇಳಿ ಪಡೆಯುವುದು ಅವನ ಹಕ್ಕು.

2. ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ ಮುಂತಾದವನ್ನು ವ್ಯಕ್ತಿಯ ಸಮ್ಮತಿಯಿಲ್ಲದೆ ಪ್ರಯೋಗಿಸಕೂಡದು. 2010ರ ಈ ತೀರ್ಪು ‘ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ’ ಎಂಬ ಮೊಕದ್ದಮೆಯದು.

3. ಕಚೇರಿ, ಅಂಗಡಿ, ಸಂಘಗಳಿಂದ ದಾಖಲೆ ಬೇಕೆಂದು ತನಿಖಾಧಿಕಾರಿ ಕೇಳಿದರೆ, ಲಿಖಿತ ಆದೇಶವನ್ನು ಕೇಳುವುದು ಉದ್ಧಟತನವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮು ಇದಕ್ಕೆ ಆಧಾರ.

4. ವಠಾರಗಳಲ್ಲಿ ಕ್ಯಾಮೆರಾ ಹಾಕಿಸುವವರು ಅದು ನೆರೆಮನೆಯ ಬಾಗಿಲನ್ನು ದಿಟ್ಟಿಸದಂತೆ ನೋಡಿಕೊಳ್ಳಬೇಕು. ದೃಶ್ಯಗಳನ್ನು ಯಾರು ನೋಡಬಹುದು, ಎಷ್ಟು ದಿನ ಇಡಬೇಕೆಂಬುದನ್ನು ಸಂಘದ ನಡಾವಳಿಯಲ್ಲಿ ಬರೆದಿಡಬೇಕು. ಒಂದೇ ಮನೆಯಲ್ಲಿ ವಾಸಿಸುವ ಅಣ್ಣತಮ್ಮಂದಿರಲ್ಲಿ ಒಬ್ಬನು ಉಳಿದವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಕೂಡಿಸುವಂತಿಲ್ಲವೆಂಬ ಕಲ್ಕತ್ತಾ ಹೈಕೋರ್ಟಿನ ತೀರ್ಪನ್ನು 2025ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ.

ಪುರಾಣದ ಮುಕ್ಕಣ್ಣನ ಮೂರನೆಯ ಕಣ್ಣು ಸದಾ ತೆರೆದಿರುವುದಲ್ಲ. ಕಾರಣವೊದಗಿದಾಗ ಮಾತ್ರ ತೆರೆಯುವುದು. ನಗರದ ಕಣ್ಣಿಗೂ ಅಂತಹ ರೆಪ್ಪೆಯೊಂದು ಬೇಕು. ಆ ರೆಪ್ಪೆಯೇ ಕಾನೂನು. ಅದನ್ನು ಸಂಸತ್ತು ಹೊಲಿಯಬೇಕು, ನ್ಯಾಯಾಲಯ ಕಾಯಬೇಕು. ಹೊಲಿಯುವಂತೆ ಕೇಳುತ್ತಿರಬೇಕಾದವರು ಪ್ರಜೆಗಳು.