ಮರದ ಮೇಲಣ ಗುಳ್ಳೆ, ಹಕ್ಕಳೆ, ಅಣಬೆಗಳು

ಮನೆಯ ಮುಂದೆ ನೆರಳಿಗೂ ಅಂದಕ್ಕೂ ಮರಗಳನ್ನು ಬೆಳೆಸುವುದು ನಮ್ಮ ಊರುಗಳಲ್ಲಿ ವಾಡಿಕೆಯಾಗಿದೆ. ಅಂತಹ ಮರದಲ್ಲಿ ಎಂದೂ ಕಾಣದ ಗುಳ್ಳೆಯೋ ಹಕ್ಕಳೆಯೋ ತೋರಿದಾಗ ಕೆಲವರು ಬೆದರಿ ಮರವನ್ನೇ ಕಡಿಸುವರು. ಕೆಲವರು ಕಡೆಗಣಿಸಿ ಸುಮ್ಮನಿರುವರು. ಕಂಡದ್ದು ಏನೆಂಬುದನ್ನು ಗುರುತಿಸಿದ ಮೇಲೆಯೇ ಕೊಡಲಿಗೆ ಕೈಹಾಕಬೇಕೆಂಬುದು ನಮ್ಮ ಮತ.

ಹೊಂಗೆಯ ಎಲೆಗಳ ಮೇಲೆ ಪುಟ್ಟ ಬೆರಳುಗಳಂತೆ ನಿಮಿರಿ ನಿಲ್ಲುವ ಗುಳ್ಳೆಗಳನ್ನು ವಾಚಕರು ನೋಡಿರಬಹುದು. ಇವು ಕಾಯಿಗಳಲ್ಲ, ಹುಳುವಿನ ಮೊಟ್ಟೆಗಳೂ ಅಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ, ನಾಲ್ಕೇ ಕಾಲುಗಳುಳ್ಳ ಒಂದು ಬಗೆಯ ನುಸಿಯು ಎಳೆಯ ಎಲೆಯ ರಸವನ್ನು ಹೀರುವಾಗ, ಎಲೆಯೇ ಉಬ್ಬಿ ಅದಕ್ಕೆ ಮನೆಯಾಗುವುದು. ನೋಟಕ್ಕೆ ವಿಕಾರವಾದರೂ ಬೆಳೆದ ಮರಕ್ಕೆ ಇದರಿಂದ ಪ್ರಾಣಭಯವಿಲ್ಲ. ಎಳೆಯ ಸಸಿಯಾದರೆ ಗುಳ್ಳೆಯೆದ್ದ ಎಲೆಗಳನ್ನು ಕಿತ್ತು ಸುಡುವುದು ಲೇಸು.

ತೊಗಟೆಗೆ ಅಂಟಿದ ಬೂದುಹಸುರಿನ ಹಕ್ಕಳೆಯೂ ನಿರಪಾಯಕರವೇ. ನಮ್ಮ ಗೃಹಿಣಿಯರು ಮಸಾಲೆಗೆ ಹಾಕುವ ಕಲ್ಲುಹೂವು ಇದೇ ವರ್ಗಕ್ಕೆ ಸೇರಿದುದು. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಈ ಜೀವವು ಮರದಿಂದ ಇಂಬನ್ನಲ್ಲದೆ ಆಹಾರವನ್ನು ಪಡೆಯುವುದಿಲ್ಲ. ಕೆರೆದು ತೆಗೆದರೆ ತೊಗಟೆಗೆ ಗಾಯವಾಗುವುದೇ ಹೊರತು ಲಾಭವೇನೂ ಇಲ್ಲ.

ಬದನಿಕೆಯ ಸಂಗತಿ ಬೇರೆ. ಕೊಂಬೆಯ ಮೇಲೆ ಆ ಮರದ್ದಲ್ಲದ ಎಲೆಗಳ ಪೊದೆ ಕಂಡರೆ ಅದು ಬದನಿಕೆಯೇ ಎಂದು ಶಂಕಿಸಬೇಕು. ಹಣ್ಣು ತಿಂದ ಪುಟ್ಟ ಹಕ್ಕಿಗಳು ಅದರ ಅಂಟುಬೀಜವನ್ನು ಕೊಂಬೆಯ ಮೇಲೆ ಬಿಡುವುವು; ಬೀಜವು ಮೊಳೆತು ಮರದೊಳಕ್ಕೇ ಬೇರಿಳಿಸಿ ನೀರನ್ನೂ ಲವಣಗಳನ್ನೂ ಹೀರುವುದು. ಪೊದೆಯನ್ನಷ್ಟೇ ಮುರಿದರೆ ಮತ್ತೆ ಚಿಗುರುವುದು. ಆದಕಾರಣ ಹಣ್ಣಾಗುವ ಮೊದಲೇ, ಅದು ಬೇರೂರಿದ ಸ್ಥಳಕ್ಕಿಂತ ಕೆಳಗೆ, ಕೊಂಬೆಯನ್ನೇ ಕತ್ತರಿಸತಕ್ಕದ್ದು.

ಎಲ್ಲಕ್ಕಿಂತ ಅಪಾಯಕರವಾದುದು ಬುಡದ ಅಣಬೆ. ಗುಲ್‌ಮೊಹರ್ ಮೊದಲಾದ ಮರಗಳ ಬುಡದಲ್ಲಿ, ಅರಗು ಬಳಿದಂತೆ ಹೊಳೆಯುವ, ಬೀಸಣಿಗೆಯಾಕಾರದ ಗಟ್ಟಿಯಾದ ಕಂದು ಅಣಬೆಯು ಮೂಡುವುದುಂಟು. ನಮಗೆ ಕಾಣುವುದು ಶಿಲೀಂಧ್ರದ ಫಲ ಮಾತ್ರ. ಅದು ಮೂಡುವ ವೇಳೆಗೆ ಬೇರುಗಳು ಒಳಗೊಳಗೇ ಕೊಳೆತಿರುವುವು. ತಲೆತುಂಬ ಹೂತು ನಿಂತ ಮರವೂ ಮುಂಗಾರಿನ ಗಾಳಿಗೆ ಬುಡಸಹಿತ ಉರುಳಬಹುದು. ಅಣಬೆಯನ್ನು ಕಿತ್ತೆಸೆದ ಮಾತ್ರಕ್ಕೆ ರೋಗವು ತೊಲಗದು. ಇದನ್ನು ಕಂಡೊಡನೆ ಮಕ್ಕಳು ಆ ನೆರಳಿನಲ್ಲಿ ಆಡದಂತೆ ತಡೆದು, ಬಲ್ಲವರಿಗೆ ತೋರಿಸಬೇಕು. ಕಡಿಸಲೇಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ವೃಕ್ಷಾಧಿಕಾರಿಗಳ ಅನುಮತಿಯನ್ನು ಪಡೆಯುವುದು ಸಾಮಾನ್ಯವಾಗಿ ಅವಶ್ಯಕ.

ಮನೆಯ ಮಾಡನ್ನು ಮಳೆಗಾಲಕ್ಕೆ ಮುನ್ನ ನೋಡಿಕೊಳ್ಳುವ ಗೃಹಸ್ಥರು, ಅದೇ ದಿನ ಮರದ ಬುಡವನ್ನೂ ಒಂದು ಸುತ್ತು ಬಂದು ನೋಡಲೆಂದು ನಾವು ಬಿನ್ನವಿಸುತ್ತೇವೆ.