ಹಳೆಯ ಕಾರಿಗೆ ಹೊಸ ವೇಗ

ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು ಕಾರಿನ ರಿಪೇರಿಯನ್ನು ಕುರಿತು ಮಾತನಾಡಹೊರಟರೆ ಅದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಎರಡು ದಶಕಗಳಿಂದ ನನ್ನ ಮನೆಯಂಗಳದಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ನಿಂತಿದೆ. ಅದರ ಶುಶ್ರೂಷೆಯ ಬಹುಭಾಗ ನನ್ನ ಕೈಯಿಂದಲೇ ನಡೆದಿದೆ. ಆ ಅನುಭವದ ಬಲದಿಂದ ಈ ನಾಲ್ಕು ಮಾತು.

ಪದ್ಮಿನಿ ಎಂಬುದು ಇಟಲಿಯ ಫಿಯಟ್ 1100 ಕಾರಿನ ಭಾರತೀಯ ಅವತಾರ. ಮುಂಬಯಿಯ ಕುರ್ಲಾದಲ್ಲಿ ಸಿದ್ಧವಾಗುತ್ತಿದ್ದ ಈ ವಾಹನದ ತಯಾರಿಕೆ 2000ದ ಆಸುಪಾಸಿನಲ್ಲಿ ನಿಂತುಹೋಯಿತು. ನಿಂತದ್ದು ತಯಾರಿಕೆ ಮಾತ್ರ. ಅಭಿಮಾನಿಗಳ ಮನೆಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಅದಕ್ಕೆ ಕಾರಣ ಅದರ ಸರಳತೆ. ಬಾನೆಟ್ ಎತ್ತಿದರೆ ಪ್ರತಿಯೊಂದು ಅಂಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ.

ಇತ್ತೀಚೆಗೆ ನಮ್ಮ ಬೀದಿಯ ತರುಣನೊಬ್ಬ ತನ್ನ ತಾತನ ಪದ್ಮಿನಿಯನ್ನು ತಂದು ನಿಲ್ಲಿಸಿ, "ಮೇಷ್ಟ್ರೇ, ಇದರ ಪಿಕಪ್ ಹೆಚ್ಚಿಸಬೇಕು. ಹೆಡ್ ಬಿಚ್ಚಿ ಪ್ಲೇನ್ ಮಾಡಿಸಿಬಿಡೋಣವೇ?" ಎಂದು ಕೇಳಿದ. ಈ ಪ್ರಶ್ನೆ ಅವನೊಬ್ಬನದಲ್ಲ. ಹಳೆಯ ಕಾರು ಕೈಗೆ ಬಂದ ಪ್ರತಿಯೊಬ್ಬ ಉತ್ಸಾಹಿಯದೂ ಹೌದು. ಆದ್ದರಿಂದ ಅದನ್ನು ತುಸು ವಿವರವಾಗಿ ನೋಡೋಣ.

ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಒಟ್ಟು ಗಾತ್ರ 1089 ಘನ ಸೆಂಟಿಮೀಟರು. ಎಂದರೆ ಒಂದೊಂದು ಸಿಲಿಂಡರಿನ ಪಾಲಿಗೆ ಸುಮಾರು 272. ಪಿಸ್ಟನ್ ಮೇಲೇರಿ ನಿಂತಾಗ ಅದರ ತಲೆಯ ಮೇಲೆ ಉಳಿಯುವ ಕಿರುಕೋಣೆಯಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಒತ್ತಿ ಕುಳಿತಿರುತ್ತದೆ. ಈ ಒತ್ತಡದ ಅನುಪಾತ ಏಳೂವರೆ ಎಂದಿಟ್ಟುಕೊಂಡರೆ ಕೋಣೆಯ ಗಾತ್ರ ಸುಮಾರು 42 ಘನ ಸೆಂಟಿಮೀಟರು. ಅನುಪಾತವನ್ನು ಎಂಟೂವರೆಗೆ ಏರಿಸಬೇಕಾದರೆ ಕೋಣೆ 36ಕ್ಕೆ ಕುಗ್ಗಬೇಕು. ಹೆಡ್ಡನ್ನು ಯಂತ್ರದಲ್ಲಿ ತೆಳುವಾಗಿ ಸವೆಸುವುದರ ಉದ್ದೇಶ ಇಷ್ಟೆ: ಬರೀ ಆರು ಘನ ಸೆಂಟಿಮೀಟರು, ಒಂದು ದೊಡ್ಡ ಚಮಚದಷ್ಟೂ ಇಲ್ಲದ ಜಾಗವನ್ನು ಕಳೆಯುವುದು. ಒತ್ತಡ ಹೆಚ್ಚಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಹೊರಡುತ್ತದೆ. ಆದರೆ ಮಿತಿಮೀರಿದರೆ ಮಿಶ್ರಣ ಕ್ರಮವಾಗಿ ಉರಿಯುವ ಬದಲು ಸಿಡಿಯುತ್ತದೆ; ಮೆಕ್ಯಾನಿಕ್ಕುಗಳು ನಾಕಿಂಗ್ ಎಂದು ಕರೆಯುವ ಆ ಕಟಕಟ ಸದ್ದು ಬಹಳ ಕಾಲ ಮುಂದುವರಿದರೆ ಪಿಸ್ಟನ್ನಿಗೇ ತೂತು ಬೀಳಬಹುದು. ಒಮ್ಮೆ ಸವೆಸಿದ ಲೋಹವನ್ನು ಮತ್ತೆ ಅಂಟಿಸಲಾಗದು ಎಂಬುದನ್ನೂ ನೆನಪಿಡಬೇಕು.

ಹೆಡ್ಡಿಗೆ ಕೈಹಾಕುವ ಮುಂಚೆ, ಎಂಜಿನ್ನಿಗೆ ಹುಟ್ಟಿನಿಂದ ಬಂದ ಶಕ್ತಿಯಲ್ಲಿ ಎಷ್ಟು ಕಳೆದುಹೋಗಿದೆ ಎಂದು ನೋಡುವುದು ನನ್ನ ಪದ್ಧತಿ. ನಿಮಿಷಕ್ಕೆ 4000 ಸುತ್ತು ತಿರುಗುವಾಗ ಈ ಎಂಜಿನ್ನಿಗೆ ಸೆಕೆಂಡಿಗೆ 133 ಕಿಡಿ ಬೇಕು. ಅಷ್ಟನ್ನೂ ಹುಟ್ಟಿಸುವುದು ಅರ್ಧ ಮಿಲಿಮೀಟರಿಗೂ ಕಡಿಮೆ ತೆರೆದುಕೊಳ್ಳುವ ಒಂದು ಜೊತೆ ಪಾಯಿಂಟು. ಅದು ಕರಕಲಾಗಿದ್ದರೆ, ಕಿಡಿ ಹೊತ್ತು ತಪ್ಪಿ ಬಂದರೆ, ಗಣ ಕೆಟ್ಟ ಪದ್ಯದಂತೆ ಎಂಜಿನ್ನು ಎಡವುತ್ತದೆ. ಫೀಲರ್ ಗೇಜ್ ಎಂಬ ತೆಳುಪಟ್ಟಿಗಳ ಕಟ್ಟು ಮತ್ತು ಒಂದು ಸ್ಕ್ರೂಡ್ರೈವರ್ ಇದ್ದರೆ ಇದನ್ನು ಮನೆಯಲ್ಲೇ ಅರ್ಧ ಗಂಟೆಯಲ್ಲಿ ಸರಿಪಡಿಸಬಹುದು. ಟ್ಯಾಪೆಟ್ಟುಗಳ ಸಂದನ್ನೂ ಅದೇ ಗೇಜಿನಿಂದ ಅಳೆಯಬಹುದು. ಇಲ್ಲೊಂದು ಸ್ವಾರಸ್ಯವಿದೆ. ಟಕಟಕ ಸದ್ದು ಮಾಡುವ ಟ್ಯಾಪೆಟ್ಟನ್ನು ಕಂಡು ಎಲ್ಲರೂ ಹೆದರುತ್ತಾರೆ. ನಾನು ಹೆದರುವುದು ತೀರ ಮೌನವಾಗಿರುವುದಕ್ಕೆ. ಸಂದು ಇಲ್ಲವಾದರೆ ಕವಾಟ ಪೂರ್ತಿ ಮುಚ್ಚುವುದಿಲ್ಲ. ಪೂರ್ತಿ ಮುಚ್ಚಿ ತನ್ನ ಪೀಠಕ್ಕೆ ತಾಗಿದಾಗ ಮಾತ್ರ ಅದರ ಬಿಸಿ ಇಳಿಯುವುದರಿಂದ, ಹೊಗೆ ಹೊರಹಾಕುವ ಕವಾಟ ಸದ್ದಿಲ್ಲದೆ ಸುಟ್ಟುಹೋಗುತ್ತದೆ.

ತರುಣನ ಕಾರಿನಲ್ಲಿ ಈ ಎರಡನ್ನೂ ಸರಿಪಡಿಸಿದ ಮೇಲೆ ಅವನು ಬೇಡಿದ ಪಿಕಪ್ಪಿನ ಒಂದು ದೊಡ್ಡ ಪಾಲು ತಾನಾಗಿ ಬಂತು. ಆದರೆ ಆ ಬೆಳಿಗ್ಗೆ ನನ್ನನ್ನು ನಿಜವಾಗಿ ಬೆಚ್ಚಿಸಿದ್ದು ಬೇರೆ: ಕಾರ್ಬೊರೇಟರಿಗೆ ಹೋಗುವ ರಬ್ಬರ್ ಪೈಪು ಮೆತ್ತಗಾಗಿ, ಊದಿ, ಜೋಡಣೆಯ ಬಳಿ ಪೆಟ್ರೋಲು ಜಿನುಗಿಸುತ್ತಿತ್ತು, ಅದೂ ಬಿಸಿ ಎಂಜಿನ್ನಿನ ಮಗ್ಗುಲಲ್ಲೇ.

ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರು ಅದಕ್ಕೆ ಬಾಳುವುದಿಲ್ಲ. ಎಥನಾಲನ್ನು ತಾಳುವ ಹೊಸ ಪೈಪು ಹಾಕಿಸುವುದು ಇಂದು ಹಳೆಯ ಕಾರಿಗೆ ಮಾಡಬಹುದಾದ ಅತ್ಯಗತ್ಯ ಸುಧಾರಣೆ ಎಂದು ಧೈರ್ಯವಾಗಿ ಹೇಳುತ್ತೇನೆ. ಇನ್ನೊಂದು ಸೂಕ್ಷ್ಮವೂ ಇದೆ. ಒಂದು ತೂಕ ಪೆಟ್ರೋಲು ಚೆನ್ನಾಗಿ ಉರಿಯಲು 14.7 ತೂಕ ಗಾಳಿ ಬೇಕು. ಎಥನಾಲಿಗಾದರೋ 9 ಸಾಕು. ಎಂದರೆ ಅಷ್ಟೇ ಗಾಳಿಗೆ ಈ ಮಿಶ್ರ ಇಂಧನ ಹೆಚ್ಚು ಬೇಕು. ಹೊಸ ಕಾರುಗಳು ಇದನ್ನು ತಾವೇ ಅರಿತು ಸರಿದೂಗಿಸುತ್ತವೆ. ಕಾರ್ಬೊರೇಟರಿನ ಜೆಟ್ಟಿಗೆ ಅಂಥ ಬುದ್ಧಿಯಿಲ್ಲ. ಅದು ಹಿತ್ತಾಳೆಯಲ್ಲಿ ಕೊರೆದ ಒಂದು ರಂಧ್ರ, ಅದರ ಮೇಲಿನ ಅಂಕಿ ಸಾಮಾನ್ಯವಾಗಿ ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳಿದ ಅಗಲ. ಎಂಜಿನ್ನು ಕೆಮ್ಮುತ್ತ, ಬಿಸಿಯೇರುತ್ತಿದ್ದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ ನೋಡಬಹುದು. ಸಿಡಿತವನ್ನು ತಡೆಯುವ ಗುಣ ಎಥನಾಲಿಗೆ ಹೆಚ್ಚು. ರಬ್ಬರಿಗೆ ವೈರಿಯಾದದ್ದು ಹೆಡ್ ಸವೆಸಿದವನಿಗೆ ಮಿತ್ರನಾಗುತ್ತದೆ ಎಂಬುದು ವಿಚಿತ್ರ.

ಇನ್ನು ಬ್ರೇಕು. ಪದ್ಮಿನಿಯ ನಾಲ್ಕು ಗಾಲಿಗಳಿಗೂ ಇರುವುದು ಡ್ರಮ್ ಬ್ರೇಕು. ಅರವತ್ತು ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ತೊಂಬತ್ತಕ್ಕೇರಿದರೆ, ನಿಲ್ಲಿಸಲು ಆ ಡ್ರಮ್ಮುಗಳು ಬಿಸಿಯಾಗಿ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಯವರೆಗಾದರೂ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ ಮಾತ್ರ. ಘಟ್ಟ ಇಳಿಯುವಾಗ ಅದು ಕುದಿದು ಆವಿಯಾದರೆ ಪೆಡಲು ನೆಲಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ, ಲೈನಿಂಗನ್ನು ಪರೀಕ್ಷಿಸಿದವನಿಗೆ ಮಾತ್ರ ಪಿಕಪ್ಪಿನ ಮಾತೆತ್ತುವ ಅಧಿಕಾರವಿದೆ ಎಂದು ಆ ತರುಣನಿಗೆ ತುಸು ಬಿರುಸಾಗಿಯೇ ಹೇಳಿದೆ. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡುಗಳು ಬೇಕೇ ಬೇಕು.

ಕಾನೂನಿನ ವಿಚಾರವಾಗಿ ಒಂದು ಮಾತು. ತಯಾರಕರ ಮೂಲ ವಿವರಣೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಸವೆದದ್ದನ್ನು ಮೂಲದ ಅಳತೆಗೆ ತರುವುದಕ್ಕೆ ಅಡ್ಡಿಯಿಲ್ಲ. ದೊಡ್ಡ ಎಂಜಿನ್ನು ತಂದು ಕೂರಿಸುವುದು ಬೇರೆಯ ಮಾತು. 2021ರ ನಿಯಮಗಳು ಐವತ್ತು ವರ್ಷ ಮೀರಿದ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಗೆ ಅವಕಾಶ ಕೊಟ್ಟಿವೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗಿರಬಾರದೆಂಬುದು ಅದರ ಷರತ್ತು. ಮೊದಮೊದಲ ಪದ್ಮಿನಿಗಳು ಈಗ ಆ ವಯಸ್ಸನ್ನು ಮುಟ್ಟಿವೆ. ತಾತನ ಕಾರು ಯಾವ ವರ್ಷದ್ದೆಂದು ನೋಂದಣಿ ಪುಸ್ತಕದಲ್ಲಿ ನೋಡಿಕೊಂಡು ಬರುವಂತೆ ತರುಣನನ್ನು ಕಳಿಸಿದ್ದೇನೆ. ಹೆಡ್ಡಿನ ಮಾತು ಆಮೇಲೆ.